ಹದಿನಾಲ್ಕನೆಯ ತಾರೀಖಿನ ಹೊಲಿಗೆ

ಕಿಟಕಿಯ ಕೆಳಗೆ, ಚಾಪೆಯ ಮೇಲೆ ಹರಡಿದ ವೃತ್ತಪತ್ರಿಕೆಯ ಎರಡು ಹಾಳೆಗಳ ಮೇಲೆ, ಒಂದು ಸೀಟು ಮಲಗಿದೆ. ಮುಂದೆ ಕಿರಿದಾಗಿ ಹಿಂದೆ ಅಗಲಗೊಳ್ಳುವ, ಇಬ್ಬರು ಕೂರಬಹುದಾದ ನೀಳವಾದ ಕಪ್ಪು ಸೀಟು. ಫೆಬ್ರವರಿಯ ಬೆಳಕು ಗಾಜಿನಿಂದ ಇಳಿದು ಅದರ ಬೆನ್ನಿನ ಮೇಲಷ್ಟೇ ನಿಂತಿದೆ, ಪಕ್ಕಗಳು ನೆರಳಿನಲ್ಲಿವೆ. ಬೆನ್ನಿನ ಮೇಲೆ ಅಡ್ಡಡ್ಡಲಾಗಿ ಹನ್ನೊಂದು ಹೊಲಿಗೆಯ ಗೆರೆಗಳು, ನಡುನಡುವೆ ಉಬ್ಬಿದ ಪಟ್ಟಿಗಳು. ಅಂಚಿನ ಸುತ್ತ, ಒಂದು ಕಾಲಕ್ಕೆ ಬೆಳ್ಳಗಿದ್ದು ಈಗ ಮುದುಕರ ಹಲ್ಲಿನ ಬಣ್ಣಕ್ಕೆ ತಿರುಗಿದ ಪೈಪಿಂಗ್, ಅಂದರೆ ಉಬ್ಬಿದ ಅಂಚುಪಟ್ಟಿ. ಎಡಗಡೆಯ ಹಿಂಬದಿಯ ಮೂಲೆಯಲ್ಲಿ ರೆಕ್ಸಿನ್ ಬಿರಿದಿದೆ; ಆ ಬಿರುಕಿನಿಂದ ಕಂದು ನಾರಿನ ಎರಡೇ ಎಳೆಗಳು ಇಣುಕಿವೆ. ಸೀಟಿನ ಬಲಕ್ಕೆ ಬಾಯಿ ಮುಚ್ಚಿದ ಕತ್ತರಿ. ಎಡಕ್ಕೆ ಇನ್ನೂ ಸುಲಿಯದ ಒಂದು ಕಿತ್ತಳೆ. ಅದರ ಎರಡು ಬದಿಗೆ ಇಬ್ಬರು ಮಂಡಿಯೂರಿದ್ದಾರೆ: ಅರವತ್ತೆರಡರ ಹೆಂಗಸು ತೆರಾದಾ ಮಿತ್ಸುಯೊ, ಎಪ್ಪತ್ತು ತುಂಬಿದ ನಾನು, ಉಚಿಯಾಮಾ. ಮಿತ್ಸುಯೊ ಅವರ ಬಲಗೈ ಸೀಟಿನ ಮೇಲಿಲ್ಲ, ಅದರಿಂದ ನಾಲ್ಕು ಬೆರಳು ಮೇಲಿದೆ. ನಿದ್ದೆಯಲ್ಲಿರುವ ಮಗುವಿನ ಹಣೆ ಮುಟ್ಟಲು ಹೋಗಿ ತಡೆದುಕೊಂಡ ಕೈಯ ಹಾಗೆ.

ಸೀಟು ನನ್ನದು. ಅದನ್ನು ಹೊತ್ತಿದ್ದ ಮೋಟಾರ್‌ಸೈಕಲ್ಲಿನ ಹೆಸರು ಹಮಾಕಾಜೆ, ಅಂದರೆ ಕಡಲತೀರದ ಗಾಳಿ. ಯುದ್ಧ ಮುಗಿದ ಮೇಲೆ ನಮ್ಮ ಹಮಾಮಾತ್ಸುವಿನ ಓಣಿಓಣಿಯಲ್ಲೂ ಯಾರೋ ಒಬ್ಬರು ಎಂಜಿನ್ನಿಗೆ ಚಕ್ರ ಕೂಡಿಸಿ ಹೆಸರಿಡುತ್ತಿದ್ದ ಕಾಲದಲ್ಲಿ ಹುಟ್ಟಿ, ಆರೇ ವರ್ಷ ಬದುಕಿದ ಕಂಪನಿ ಅದು. ನಾನಾಗ ಬೀದಿಯ ಆಚೆ ಬದಿಯ ಆರ್ಗನ್ ಕಾರ್ಖಾನೆಯಲ್ಲಿ ಹಿತ್ತಾಳೆಯ ರೀಡುಗಳನ್ನು ಕೆರೆದು ಶ್ರುತಿ ಕೂಡಿಸುತ್ತಿದ್ದೆ. ಹಮಾಕಾಜೆಯವರು ಪರೀಕ್ಷೆಗೆಂದು ಎಂಜಿನ್ ಚಾಲೂ ಮಾಡಿದರೆ ನಮಗೆ ಶ್ರುತಿ ಕೇಳಿಸುತ್ತಿರಲಿಲ್ಲ. ಅವರು ನಿಲ್ಲಿಸುವವರೆಗೆ ಕೈಕಟ್ಟಿ ಕೂತು ಆ ಸದ್ದನ್ನೇ ಕೇಳುತ್ತಿದ್ದೆವು. ನಿವೃತ್ತಿಯಾದ ಮೇಲೆ, ಮೊರಿ ಊರಿನಲ್ಲಿ, ತೀರಿಹೋದ ಚಹಾ ಬೆಳೆಗಾರರೊಬ್ಬರ ಕೊಟ್ಟಿಗೆಯಲ್ಲಿ ಒಂದು ಹಮಾಕಾಜೆ ಇದೆಯೆಂದು ತಿಳಿದು ಓಡಿದಾಗ, ನನಗೆ ಬೇಕಾಗಿದ್ದದ್ದು ಗಾಡಿಯೋ ಆ ಸದ್ದೋ, ಇವತ್ತಿಗೂ ಹೇಳಲಾರೆ. ಗಾಡಿ ಮನೆಗೆ ಬಂದ ದಿನವೇ ಆ ಮನೆಯ ಅಜ್ಜಿ, ಹೊಸ ಸೀಟು ಕೊಳೆಯಾದೀತೆಂದು ದಪ್ಪ ಬಟ್ಟೆಯ ಗವಸು ಹೊಲಿದು ತೊಡಿಸಿದ್ದರಂತೆ. ನಲವತ್ತೈದು ವರ್ಷ ಅದನ್ನು ಯಾರೂ ಬಿಚ್ಚಿರಲಿಲ್ಲ. ನಾನು ಆ ಗವಸು ತೆಗೆದಾಗ, ಗಾಡಿಯೆಲ್ಲ ತುಕ್ಕು ಹಿಡಿದಿದ್ದರೂ ಕಾರ್ಖಾನೆಯ ಹೊಲಿಗೆ ಹೊಲಿದ ಹಾಗೆಯೇ ಉಳಿದಿತ್ತು.

ಹಳೆಯ ಬಿಡಿಭಾಗ ಮಾರುವ ಒಸಾದಾ ಎಂಬವನೇ, ಸೀಟು ಸರಿಮಾಡಿಸಲೆಂದು ನನ್ನನ್ನು ಮಿತ್ಸುಯೊ ಅವರ ಬಳಿಗೆ ಕಳಿಸಿದ್ದು.

"ಹಮಾಕಾಜೆ ಸೀಟಾ? ಹಾಗಾದ್ರೆ ತೆರಾದಾ-ಸಾನ್ ಮನೆಗೇ ಹೋಗಿ. ಆದ್ರೆ ಒಂದು ಮಾತು, ರೆಕ್ಸಿನ್ ಕವರ್ ನೀವು ಬಿಚ್ಚಬೇಡಿ. ಬಿಚ್ಚಿಕೊಂಡು ಹೋದ್ರೆ ಬಾಗಿಲಿಂದಲೇ ವಾಪಸ್."

"ಯಾಕಪ್ಪ?"

"ಸೂಜಿ ತುದಿ ಹುಡುಕ್ತಿದಾರೆ. ಹತ್ತೊಂಬತ್ತು ವರ್ಷದಿಂದ. ಈ ಊರಲ್ಲಿ ಸಿಕ್ಕ ಹಮಾಕಾಜೆ ಸೀಟೆಲ್ಲ ಬಿಚ್ಚಿದಾರೆ. ನಗಬೇಡಿ. ನಾನು ಒಂದ್ಸಲ ನಕ್ಕು, ಒಂದು ವರ್ಷ ಅವರ ಮನೆ ಚಹಾ ಕಳ್ಕೊಂಡೆ."

ನಾನು ಅಲ್ಲಿ ನಗಲಿಲ್ಲ, ಮನೆಗೆ ಬಂದು ನಕ್ಕೆ. ಮರುದಿನ ಸೀಟು ಹೊತ್ತು ಹೋದೆ.

ಮಿತ್ಸುಯೊ ಅವರು ನನ್ನ ಮುಖವನ್ನು ಸರಿಯಾಗಿ ನೋಡುವ ಮೊದಲೇ ಸೀಟನ್ನು ಬೋರಲು ಹಾಕಿ, ತಗಡಿನ ತಳದ ಅಂಚಿನಲ್ಲಿ ರೆಕ್ಸಿನ್ನನ್ನು ಕಚ್ಚಿ ಹಿಡಿದಿದ್ದ ಹಲ್ಲುಗಳಲ್ಲಿ ನಾಲ್ಕನ್ನು ಇಕ್ಕಳದಿಂದ ಎತ್ತಿದರು. ಮಡಿಚಿದ ಅಂಚನ್ನು ಹೊರಳಿಸಿ ನೋಡಿದರು. ಒಳಬದಿಯ ಬಟ್ಟೆಯ ಮೇಲೆ ನೇರಳೆ ಶಾಯಿಯ ಮುದ್ರೆ ಇತ್ತು: 23. ಅದರ ಕೆಳಗೆ 33-11-14. ನಮ್ಮ ಶೋವಾ ಲೆಕ್ಕದ ಮೂವತ್ತಮೂರನೆಯ ಇಸವಿ, ಅಂದರೆ 1958ರ ನವೆಂಬರ್ ಹದಿನಾಲ್ಕು. ಅವರು ಸೀಟನ್ನು ಮತ್ತೆ ಅಂಗಾತ ಮಲಗಿಸಿದರು. ಮೊದಲು ಹೇಳಿದೆನಲ್ಲ, ಕೈ ಮೇಲೆಯೇ ನಿಂತದ್ದು, ಅದು ಆಗ.

"ಇಪ್ಪತ್ಮೂರು ಅಂದ್ರೆ ನಾನು," ಎಂದರು. "ಆ ದಿನ ಶುಕ್ರವಾರ."

ಆಮೇಲೆ ಹೇಳಿದ ಕಥೆ ಇದು. ತೆನ್ರ್ಯೂ ನದಿಯ ಮೇಲ್ಭಾಗದ ಗುಡ್ಡದೂರಿನಿಂದ ಇಳಿದು ಬಂದು ಹಮಾಕಾಜೆಯ ಹೊಲಿಗೆ ವಿಭಾಗ ಸೇರಿ ಅವರಿಗೆ ಎರಡು ತಿಂಗಳಾಗಿತ್ತು, ವಯಸ್ಸು ಹದಿನೇಳು. ಅಲ್ಲಿ ಒಂದು ಕಟ್ಟುನಿಟ್ಟಿನ ನಿಯಮ. ಸೂಜಿ ಮುರಿದರೆ ಅದರ ಎಲ್ಲ ಚೂರುಗಳನ್ನೂ ಹುಡುಕಿ, ಕಾಗದಕ್ಕೆ ಅಂಟಿಸಿ, ಮೇಲ್ವಿಚಾರಕಿಗೆ ಒಪ್ಪಿಸಬೇಕು. ಒಂದು ಚೂರು ಕಡಿಮೆಯಾದರೂ ಅದುವರೆಗೆ ಹೊಲಿದದ್ದನ್ನೆಲ್ಲ ಬಿಚ್ಚಬೇಕು. ಇಡೀ ವಿಭಾಗ ಸಾಲಾಗಿ ನಿಂತು ತಲೆಬಾಗಿ ಕ್ಷಮೆ ಕೇಳಬೇಕು. ಆ ಶುಕ್ರವಾರ ಸೂಜಿಯ ತುದಿಯಷ್ಟೇ, ಅರ್ಧ ಅಕ್ಕಿಕಾಳಿನಷ್ಟು, ಮುರಿದಿತ್ತು. ಯಂತ್ರ ನಿಲ್ಲಲಿಲ್ಲ. ಮೊಂಡು ಸೂಜಿ ರೆಕ್ಸಿನ್ನನ್ನು ಗುದ್ದುವ ಸದ್ದು ಈ ಹುಡುಗಿಯ ಕಿವಿಗೆ ಬೀಳುವ ಹೊತ್ತಿಗೆ ಮಧ್ಯಾಹ್ನದ ಊಟದ ಮೇಲೆ ಹೊಲಿದ ಏಳು ಕವರ್‌ಗಳು ಬುಟ್ಟಿಯಲ್ಲಿದ್ದವು.

"ತುದಿ ಸಿಗಲಿಲ್ಲ. ಏನು ಮಾಡಿದೆ ಗೊತ್ತಾ? ಪೊಟ್ಟಣದಿಂದ ಇನ್ನೊಂದು ಸೂಜಿ ತೆಗೆದೆ. ಮೇಜಿನ ಸಂದಿಗೆ ಸಿಕ್ಕಿಸಿ ಅದರ ತುದಿ ಮುರಿದೆ. ಎರಡೂ ಚೂರು ಕಾಗದಕ್ಕೆ ಅಂಟಿಸಿ ಇಹಾರಾ-ಸಾನ್ ಕೈಗೆ ಕೊಟ್ಟೆ. ಚೂರಿಗೆ ಚೂರು ಕೂತೇ ಕೂರುತ್ತಲ್ಲ!"

"ಒಪ್ಪಿಕೊಂಡ್ರಾ ಅವರು?"

"ನೋಡಿದ್ರು. ಮುದ್ರೆ ಒತ್ತಿದ್ರು. 'ಸರಿ, ಹೋಗಿ ಕೂತ್ಕೋ' ಅಂದ್ರು. ಅಷ್ಟೇ."

ಇಹಾರಾ ಕಿನು ಆ ವಿಭಾಗದ ಮೇಲ್ವಿಚಾರಕಿ. ಆಗ ಮೂವತ್ತಮೂರರ ಹೆಂಗಸು. ಹುಡುಗಿಯರು ಅವರ ಹೆಜ್ಜೆಯ ಸದ್ದಿಗೇ ಬೆನ್ನು ನೆಟ್ಟಗೆ ಮಾಡುತ್ತಿದ್ದರಂತೆ. ಅವರಿನ್ನೂ ಬದುಕಿದ್ದರು. ನಗರದ ಆ ತುದಿಯಲ್ಲಿ, ಸನಾರು ಕೆರೆಯ ಬಳಿ ಮಗನ ಮನೆಯಲ್ಲಿದ್ದರು. ಪ್ರತಿ ಹೊಸವರ್ಷಕ್ಕೂ ಅವರಿಂದ ಮಿತ್ಸುಯೊಗೆ ಒಂದು ಕಾರ್ಡು ಬರುತ್ತಿತ್ತು, 'ಆರೋಗ್ಯ ನೋಡಿಕೊ' ಎಂಬ ಒಂದೇ ಸಾಲು. ಮಿತ್ಸುಯೊ 'ನೀವೂ ನೋಡಿಕೊಳ್ಳಿ' ಎಂದು ಬರೆದು ಹಾಕುತ್ತಿದ್ದರು. ಒಂದು ಬಸ್ಸಿನ ದಾರಿ. ನಲವತ್ತೈದು ವರ್ಷದಲ್ಲಿ ಒಮ್ಮೆಯೂ ಹೋಗಿರಲಿಲ್ಲ.

"ಯಾವ ಮುಖ ಹೊತ್ತು ಹೋಗಲಿ? ಎಷ್ಟೋ ವರ್ಷ ಪೇಪರ್‌ನಲ್ಲಿ ಅಪಘಾತದ ಸುದ್ದಿ ಮೊದಲು ಓದ್ತಿದ್ದೆ, ಉಚಿಯಾಮಾ-ಸಾನ್. ಹಮಾಕಾಜೆ ಅಂತ ಎಲ್ಲಾದ್ರೂ ಇದೆಯಾ ಅಂತ. ತಿರುವಿನಲ್ಲಿ ಗಾಡಿ ಒಂದ್ಸಲ ಕುಲುಕಿ, ಕೂತವನ ತೊಡೆಗೆ ಚುಚ್ಚಿ, ಅವನು ಹ್ಯಾಂಡಲ್ ಬಿಟ್ಟಿದ್ರೆ? ಆ ತುದಿ ಯಾರಿಗೂ ಚುಚ್ಚದೆ ಎಲ್ಲೋ ಇದೆ ಅಂತ ನನ್ನ ಕಣ್ಣಾರೆ ನೋಡಬೇಕು. ಅಷ್ಟು ಸಿಕ್ಕಿದ್ರೆ ಸಾಕು."

ಮೂವತ್ತೊಂದು ಸೀಟು ಬಿಚ್ಚಿದ್ದರು. ಇಪ್ಪತ್ಮೂರರ ಮುದ್ರೆ ನಾಲ್ಕರಲ್ಲಿ ಸಿಕ್ಕಿತ್ತು, ಹದಿನಾಲ್ಕನೆಯ ತಾರೀಖು ಒಂದರಲ್ಲೂ ಇರಲಿಲ್ಲ. ಈಗ ಅದು ಎದುರಿಗಿತ್ತು.

"ಹಾಗಾದ್ರೆ ಬಿಚ್ಚೋಣ," ಎಂದೆ.

ಅವರು ಉಳಿದ ಹಲ್ಲುಗಳನ್ನೆಲ್ಲ ಎತ್ತಿ, ಕವರನ್ನು ಹೊಲಿಗೆ ಕೆಡದ ಹಾಗೆ ಇಡಿಯಾಗಿ ಕಳಚಿ, ನಾಲ್ಕು ಮೂಲೆ ಸೇರಿಸಿ ಒಂದು ವಸ್ತ್ರದಲ್ಲಿ ಕಟ್ಟಿ, ಹಾಸಿಗೆ ಇಡುವ ಕಪಾಟಿನ ಮೇಲಿನ ಅರೆಗೆ ಸೇರಿಸಿದರು.

"ಇವತ್ತು ಬೇಡ. ಮೊದಲು ಒಳಗಿಂದು ಸರಿಮಾಡೋಣ."

"ಹತ್ತೊಂಬತ್ತು ವರ್ಷ ಹುಡುಕಿದ್ದು ಕೈಗೆ ಬಂದಾಗ..."

"ಅದಕ್ಕೇ," ಎಂದು ಅವರು ಕಿತ್ತಳೆ ಸುಲಿದು ಅರ್ಧ ನನ್ನ ಕೈಗಿಟ್ಟರು.

ಹೀಗೆ ನಾನು ಮಂಗಳವಾರ, ಶುಕ್ರವಾರ ಅವರ ಮನೆಗೆ ಹೋಗತೊಡಗಿದೆ. ಅವರ ಗಂಡ ಹಮಾನಾ ಕೆರೆಗೆ ಗಾಳ ಹಿಡಿದು ಹೊರಟ ಮೇಲೆ ಎಂಟು ಚಾಪೆ ಹಿಡಿಸುವ ಆ ಕೋಣೆ ಕಾರ್ಖಾನೆಯಾಗುತ್ತಿತ್ತು. ಮೂಲೆಯಲ್ಲಿ ಹಮಾಕಾಜೆ ಮುಚ್ಚಿದಾಗ ಉಳಿದ ದಪ್ಪ ಹೊಲಿಗೆಯ ಯಂತ್ರ. ನನಗೆ ಅದರ ಹತ್ತಿರ ಹೋಗಲು ಅಪ್ಪಣೆಯಿರಲಿಲ್ಲ. ನನ್ನ ಪಾಲಿಗೆ ಬಂದದ್ದು ತಗಡಿನ ತಳ. ಉಪ್ಪುಕಾಗದ ಹಿಡಿದು ತುಕ್ಕು ತಿಕ್ಕುವುದು, ಒರೆಸುವುದು, ಮತ್ತೆ ತಿಕ್ಕುವುದು.

"ಜೀವಮಾನವೆಲ್ಲ ಆರ್ಗನ್ ರೀಡು ಕೆರೆದ ಕೈ ಅಂತೀರಿ, ಇಲ್ನೋಡಿ. ಬೆಕ್ಕು ಪರಚಿದ ಹಾಗಿದೆ," ಎಂದು ಅವರು ಮೊದಲ ವಾರ ಅಂದರು. ಎರಡನೆಯ ವಾರ ತಳದ ಮೇಲೆ ಹೆಬ್ಬೆರಳು ಆಡಿಸಿ, "ಈಗ ಸಾಕು ಹೋಗಲಿ ಅನ್ನಬಹುದು," ಎಂದರು. ನನ್ನ ಹೆಂಡತಿ ಸಕಾಯೆ ಇದನ್ನು ಕೇಳಿ, "ಮೂವತ್ತೆಂಟು ವರ್ಷದಲ್ಲಿ ನಾನು ಅಷ್ಟು ಹೊಗಳಿಲ್ಲ," ಎಂದಳು.

ಒಂದು ಹಳೆಯ ಸೀಟಿನ ಒಳಗೆ ಏನಿರುತ್ತದೆ ಎಂದು ನಾನು ಅದುವರೆಗೆ ಯೋಚಿಸಿಯೇ ಇರಲಿಲ್ಲ. ತಳದ ಮೇಲೆ ಸೊಂಟ ಸಣ್ಣಗಾದ ಒಂಬತ್ತು ಸ್ಪ್ರಿಂಗುಗಳು, ಒಂದಕ್ಕೊಂದು ಸೆಣಬಿನ ಹುರಿಯಲ್ಲಿ ಬಿಗಿದುಕೊಂಡು, ಒಂದು ಅದುಮಿದರೆ ಉಳಿದ ಎಂಟೂ ತಲೆಬಾಗುವ ಹಾಗೆ. ಅವುಗಳ ಮೇಲೆ ಗೋಣಿಬಟ್ಟೆ. ಗೋಣಿಯ ಮೇಲೆ ರಬ್ಬರಿನ ಹಾಲಿನಲ್ಲಿ ಅದ್ದಿ ಒಣಗಿಸಿದ ತೆಂಗಿನ ನಾರು. ಆ ನಾರಿನ ಮುಂಭಾಗದಲ್ಲಿ ಒಂದು ತಗ್ಗಿತ್ತು. ಆ ಚಹಾ ಬೆಳೆಗಾರ ತೀರಿಕೊಂಡು ಇಪ್ಪತ್ತು ವರ್ಷವಾದರೂ ಅವನು ಕೂತ ಜಾಗ ಅವನನ್ನು ಮರೆತಿರಲಿಲ್ಲ. ಹಿಂಬದಿಯ ನಾರು ಹೊಚ್ಚ ಹೊಸದರಂತೆ ಉಬ್ಬಿತ್ತು. ಅವನ ಹಿಂದೆ ಯಾರೂ ಕೂರಲೇ ಇಲ್ಲವೆಂಬುದನ್ನು ಅಲ್ಲಿಯೇ ಓದಬಹುದಾಗಿತ್ತು. ನಾವು ಆ ತಗ್ಗನ್ನು ಎಳೆ ಎಳೆಯಾಗಿ ಬಿಡಿಸಿದೆವು, ತೊಳೆದೆವು, ನಮ್ಮೂರಿನ ಒಣ ಗಾಳಿಗೆ ಬಟ್ಟೆಯ ತಂತಿಯ ಮೇಲೆ ಹಾಕಿದೆವು. ಮಿತ್ಸುಯೊ ಅವರು ಹೊಸ ನಾರನ್ನು ಹಳೆಯದರ ನಡುವೆ ಸೇರಿಸುತ್ತ ಕಣ್ಣು ಮುಚ್ಚಿ ಅಂಗೈಯಿಂದ ಒತ್ತಿ ನೋಡುತ್ತಿದ್ದರು. ಅಳತೆಗೋಲು ಪಕ್ಕದಲ್ಲೇ ಇತ್ತು; ಅದನ್ನು ಒಮ್ಮೆಯೂ ಮುಟ್ಟಲಿಲ್ಲ. ಆಮೇಲೆ ನಾನು ಕದ್ದು ಅಳೆದೆ. ಎಡಕ್ಕೂ ಬಲಕ್ಕೂ ಕೂದಲೆಳೆಯ ವ್ಯತ್ಯಾಸ ಕಾಣಲಿಲ್ಲ.

ಫೆಬ್ರವರಿ ಎಂಟನೆಯ ತಾರೀಖು ಸೂಜಿಗಳ ದಿನ. ಅಂದು ನಮ್ಮಲ್ಲಿ ಹೊಲಿಯುವವರು ಸೂಜಿ ಹಿಡಿಯುವುದಿಲ್ಲ. ವರ್ಷವಿಡೀ ಮುರಿದ ಸೂಜಿಗಳನ್ನು ದೇವಸ್ಥಾನಕ್ಕೆ ಒಯ್ದು ಮೆತ್ತಗಿನ ತೋಫು ಗಡ್ಡೆಗೆ ಚುಚ್ಚಿ, ಗಟ್ಟಿ ಬಟ್ಟೆಯಲ್ಲಿ ದುಡಿದದ್ದು ಸಾಕು, ಇನ್ನು ಇಲ್ಲಿ ವಿಶ್ರಾಂತಿ ಪಡೆಯಿರಿ ಎಂದು ಕೈಮುಗಿದು ಬರುತ್ತಾರೆ. ಆ ದಿನ ಮಿತ್ಸುಯೊ ಅವರು ಒಂದು ಔಷಧದ ಡಬ್ಬಿ ತೆರೆದು ತೋರಿಸಿದರು. ಹತ್ತಿಯ ಮೇಲೆ ತುದಿಯಿಲ್ಲದ ಒಂದು ಸೂಜಿ.

"ಅವತ್ತು ಮುರಿದಿದ್ದು ಇದೇ. ಪ್ರತಿ ವರ್ಷ ಜೊತೇಲಿ ಕರ್ಕೊಂಡು ಹೋಗ್ತೀನಿ, ವಾಪಸ್ ಕರ್ಕೊಂಡು ಬರ್ತೀನಿ. ಅರ್ಧ ಸೂಜಿನ ಹೇಗೆ ಮಲಗಿಸೋದು?"

ಮನೆಗೆ ಬಂದು ಸಕಾಯೆಗೆ ಹೇಳಿದೆ. ಅವಳು ಅಕ್ಕಿ ತೊಳೆಯುತ್ತ, "ಪಾಪ, ನೀವೇ ಒಂದು ತುದಿ ಮುರಿದು ಆ ಕವರ್ ಒಳಗೆ ತೂರಿಸಿಬಿಡಿ. ನಿಮಗೂ ಪುಣ್ಯ, ಅವರಿಗೂ ನಿದ್ದೆ," ಎಂದಳು. ಆ ಸಂಜೆ ನಾನು ಅದನ್ನು ಯೋಚಿಸಲಿಲ್ಲವೆಂದರೆ ಸುಳ್ಳಾಗುತ್ತದೆ. ಹಿತ್ತಾಳೆಯನ್ನು ಕೂದಲಿನಷ್ಟು ಕೆರೆದು ಸ್ವರ ಬದಲಿಸಿದ ಕೈಗೆ ಉಕ್ಕಿನ ಚೂರನ್ನು ಇನ್ನೊಂದಕ್ಕೆ ಹೊಂದಿಸುವುದು ಆಗದ ಕೆಲಸವಲ್ಲ. ಆದರೆ ಹದಿನೇಳರ ಹುಡುಗಿ ಹೆದರಿ ಮಾಡಿದ್ದನ್ನು ಎಪ್ಪತ್ತರ ನಾನು ಕರುಣೆಯ ಹೆಸರಿನಲ್ಲಿ ಮಾಡಿದಂತಾಗುತ್ತಿತ್ತು. ಬಿಟ್ಟುಬಿಟ್ಟೆ.

ತಿಂಗಳ ಕೊನೆಗೆ ತಳಕ್ಕೆ ಕಪ್ಪು ಬಣ್ಣ ಒಣಗಿತು, ಸ್ಪ್ರಿಂಗಿಗೆ ಹೊಸ ಹುರಿ ಬಿತ್ತು, ನಾರು ಕೂತಿತು, ಹತ್ತಿಯ ಪದರ ಬಂತು. ಹೊಸ ರೆಕ್ಸಿನ್ನಿನ ಸುರುಳಿ ಗೋಡೆಗೆ ಒರಗಿ ನಿಂತಿತ್ತು. ಇನ್ನು ಮುಂದೂಡಲು ಯಾವ ನೆಪವೂ ಉಳಿದಿರಲಿಲ್ಲ. ಹಳೆಯ ಕವರಿನ ಹೊಲಿಗೆ ಬಿಚ್ಚಿ, ತುಂಡುಗಳನ್ನು ನೆಲಕ್ಕೆ ಹಾಸಿ, ಅವುಗಳ ಸುತ್ತ ಗೆರೆ ಎಳೆಯದೆ ಹೊಸ ಕವರಿಗೆ ಅಳತೆಯಿಲ್ಲ.

ಶುಕ್ರವಾರ. ಊಟವಾಗಿ ಅರ್ಧ ಗಂಟೆಯಾಗಿತ್ತು. ಮಿತ್ಸುಯೊ ಅವರು ಏಪ್ರನ್ನಿನ ದಾರವನ್ನು ಬಿಚ್ಚಿ ಮತ್ತೆ ಬಿಗಿಯಾಗಿ ಕಟ್ಟಿಕೊಂಡರು. ಕಪಾಟಿನಿಂದ ಗಂಟು ಇಳಿಸಿದರು.

"ಮೊದಲು ಅಯಸ್ಕಾಂತ ಆಡಿಸಿ ನೋಡಬಾರದಾ?" ಎಂದೆ.

"ತುಕ್ಕು ಹಿಡಿದು ಹತ್ತಿಗೆ ಅಂಟಿಕೊಂಡಿದ್ರೆ ಅಯಸ್ಕಾಂತ ಏನು ಮಾಡುತ್ತೆ? ಬೆರಳೇ ಬೇಕು."

ಬೆರಳಿಗೆ ದಾರಿ ಎಲ್ಲಿ ಎಂದು ತೋರಿಸಿದರು. ಬೆನ್ನಿನ ತುಂಡಿನಲ್ಲಿ ರೆಕ್ಸಿನ್, ಹತ್ತಿ, ಅಸ್ತರಿ ಬಟ್ಟೆ ಮೂರನ್ನೂ ಅಡ್ಡ ಗೆರೆಗಳು ಹಿಡಿದಿವೆ. ಹಾಗಾಗಿ ಅಲ್ಲಿ ಹನ್ನೆರಡು ಚೀಲಗಳಿದ್ದಂತೆ. ಅವುಗಳ ಬಾಯಿ ಮುಚ್ಚಿರುವುದು ಪಕ್ಕದ ಪೈಪಿಂಗಿನ ಉದ್ದ ಹೊಲಿಗೆಯಲ್ಲಿ. ಒಂದು ಪಕ್ಕದ ಹೊಲಿಗೆ ಬಿಚ್ಚಿದರೆ ಹನ್ನೆರಡು ಬಾಯಿಗಳೂ ತೆರೆಯುತ್ತವೆ. ಅವರು ಬಲಪಕ್ಕವನ್ನು ಆರಿಸಿ, ಕವರಿನ ಕಿರಿದಾದ ಮುಂದಿನ ತುದಿಯಿಂದ ಪ್ರಾರಂಭಿಸಿದರು.

ಯಂತ್ರದ ಹೊಲಿಗೆಯಲ್ಲಿ ಎರಡು ನೂಲು, ಮೇಲಿನದೊಂದು, ಬಾಬಿನ್ನಿನದೊಂದು. ಮೇಲಿನದನ್ನು ಐದು ಹೊಲಿಗೆಗೊಮ್ಮೆ ಕತ್ತರಿಸಿ ಕೆಳಗಿನದನ್ನು ಎಳೆದರೆ ಸರ್ರನೆ ಬರುತ್ತದೆ. ಬಂತು. ಒಂದು ಗೇಣು, ಮತ್ತೆ ನಾಲ್ಕು ಬೆರಳು. ನಲವತ್ತೈದು ವರ್ಷದ ಹಿಂದೆ ಒಬ್ಬ ಹುಡುಗಿ ಹಾಕಿದ ನೂಲು ಅದೇ ಹೆಂಗಸಿನ ಬೆರಳಿಗೆ ಸುತ್ತಿಕೊಳ್ಳುತ್ತಿತ್ತು. ಅಡ್ಡ ಗೆರೆಗಳು ಶುರುವಾಗುವ ಕಡೆ ಅದು ನಿಂತಿತು.

"ಬರ್ತಿಲ್ಲ."

"ತುಕ್ಕು?"

"ನೂಲಿಗೆಂಥ ತುಕ್ಕು, ಉಚಿಯಾಮಾ-ಸಾನ್! ನಿಮ್ಮ ಭೂತಗನ್ನಡಿ ಕೊಡಿ."

ರೀಡು ನೋಡುತ್ತಿದ್ದ ನನ್ನ ಕಣ್ಣುಗಾಜನ್ನು ಅವರು ಬಲಗಣ್ಣಿಗೆ ಹಚ್ಚಿ ಬಾಗಿದರು. ಬಹಳ ಹೊತ್ತು ಮೇಲೇಳಲಿಲ್ಲ. ಅವರ ಬೆನ್ನಿನ ಉಸಿರಾಟವನ್ನಷ್ಟೇ ನಾನು ಕಾಣುತ್ತಿದ್ದೆ. ಆಮೇಲೆ ಗಾಜನ್ನು ನನ್ನ ಕಡೆ ಚಾಚಿದರು.

"ಇದು ನನ್ನದಲ್ಲ. ಇದು ಯಂತ್ರದ್ದೇ ಅಲ್ಲ."

ನಾನು ನೋಡಿದೆ. ಮೇಲಿನಿಂದ ಯಂತ್ರದ ಹೊಲಿಗೆಯೇ. ಅದೇ ಕಪ್ಪು ನೂಲು, ಅದೇ ಅಂತರ. ಆದರೆ ಅಲ್ಲಿಂದ ಮುಂದೆ ಎರಡು ನೂಲಿರಲಿಲ್ಲ. ಒಂದೇ ನೂಲು ತೂತಿನಿಂದ ತೂತಿಗೆ ಮೇಲೊಮ್ಮೆ ಕೆಳಗೊಮ್ಮೆ ಹಾದು, ಕೊನೆ ಮುಟ್ಟಿ, ಅವೇ ತೂತುಗಳಲ್ಲಿ ಹಿಂದಕ್ಕೆ ಬಂದು, ಬಿಟ್ಟ ಒಂದೊಂದು ಜಾಗವನ್ನೂ ತುಂಬಿತ್ತು. ಕೈಯ ಹೊಲಿಗೆ. ರೆಕ್ಸಿನ್ನಿನ ಮೇಲೆ ಒಮ್ಮೆ ಬಿದ್ದ ತೂತು ಮತ್ತೆ ಮುಚ್ಚುವುದಿಲ್ಲ. ಬಿಚ್ಚಿದ್ದನ್ನು ಮತ್ತೆ ಯಂತ್ರಕ್ಕೆ ಕೊಟ್ಟಿದ್ದರೆ ಹೊಸ ತೂತುಗಳು ಹಳೆಯವುಗಳ ಪಕ್ಕ ಬಿದ್ದು ಯಾರ ಕಣ್ಣಿಗಾದರೂ ಕಾಣುತ್ತಿದ್ದವು. ಇಲ್ಲಿ ಒಂದೇ ಒಂದು ಹೆಚ್ಚಿನ ತೂತಿರಲಿಲ್ಲ. ಯಾರೋ ಇದನ್ನು ಬಿಚ್ಚಿ, ಬಿಚ್ಚಿದ್ದು ಎಂದೆಂದಿಗೂ ತಿಳಿಯಬಾರದೆಂದು, ಒಂದೊಂದೇ ತೂತನ್ನು ಸೂಜಿಯ ಮೊನೆಯಿಂದ ಹುಡುಕಿ ಮುಚ್ಚಿದ್ದರು. ನಾನು ಎಣಿಸಿದೆ. ಮೊದಲ ಸಲ ತಪ್ಪಿತು, ಮತ್ತೆ ಎಣಿಸಿದೆ. ನೂರಾ ಎಂಬತ್ತೆರಡು. ಹೋಗುತ್ತ ಒಮ್ಮೆ, ಬರುತ್ತ ಒಮ್ಮೆ. ಶ್ರುತಿ ಕೂಡಿಸುವ ನನ್ನ ಕಸುಬಿನಲ್ಲಿ ಅತ್ಯಂತ ನಿಪುಣರನ್ನು ನೋಡಿದ್ದೇನೆ. ಅವರ ಕೆಲಸ ಕೇಳಿಸುತ್ತಿತ್ತು. ಕಾಣಬಾರದೆಂದೇ ಮಾಡಿದ ಇಂಥ ಕೆಲಸದ ಮುಂದೆ ನಾನು ಅದುವರೆಗೆ ಕೂತಿರಲಿಲ್ಲ.

"ಯಾರು?" ಎಂದೆ. ನನಗೆ ಗೊತ್ತಿತ್ತು, ಅವರಿಗೂ ಗೊತ್ತಿತ್ತು.

ಮಿತ್ಸುಯೊ ಅವರು ಆ ಕೈಹೊಲಿಗೆಯನ್ನು ಎಳೆಯಲಿಲ್ಲ. ಒಂದೊಂದನ್ನೇ ಸಣ್ಣ ಕತ್ತರಿಯ ತುದಿಯಿಂದ ಎತ್ತಿ ಕತ್ತರಿಸುತ್ತ ಹೋದರು. ಮ್ಮ್, ಮ್ಮ್ ಎಂದು ತಮ್ಮಷ್ಟಕ್ಕೆ ತಾವು ಹೂಂಗುಟ್ಟುತ್ತಿದ್ದರು, ಯಾರೋ ಮಾತಾಡುತ್ತಿರುವಂತೆ. ಹೊಲಿಗೆ ಮುಗಿದು ಹನ್ನೆರಡು ಬಾಯಿಗಳು ತೆರೆದವು. ಅಸ್ತರಿಯನ್ನು ಮಗುಚಿದಾಗ ಅದರ ಒಳಮೈಯ ಅಂಚಿನಲ್ಲಿ, ಹೊಲಿಗೆಯೊಳಗೆ ಇಷ್ಟು ವರ್ಷ ಅಡಗಿದ್ದ ಕಡೆ, ನೀಲಿ ಪೆನ್ಸಿಲ್ಲಿನ ಒಂದು ಬರಹವಿತ್ತು.

ಏಳರಲ್ಲಿ ಮೂರನೆಯದು. ಇಲ್ಲ. 11-16.

ಪಕ್ಕದಲ್ಲಿ ಒಂದು ದುಂಡು, ದುಂಡಿನೊಳಗೆ ಒಂದು ಅಕ್ಷರ. ತಪಾಸಣೆ ಮುಗಿದದ್ದಕ್ಕೆ ಮೇಲ್ವಿಚಾರಕಿ ಹಾಕುವ ಗುರುತು.

"ಹದಿನಾರು ಭಾನುವಾರ," ಎಂದರು ಮಿತ್ಸುಯೊ. "ಕಾರ್ಖಾನೆಗೆ ರಜೆ. ಸೋಮವಾರ ಈ ಕವರ್‌ಗಳು ಸೀಟಿಗೆ ಹೋಗಬೇಕಿತ್ತು." ಅಳುತ್ತಾರೆಂದುಕೊಂಡರೆ ನಕ್ಕರು. "ನೋಡಿ ಇವರನ್ನ! ಯಾರಿಗೂ ಗೊತ್ತಾಗಬಾರದು ಅಂತ ಕದ್ದು ಮಾಡಿದ ಕೆಲಸಕ್ಕೂ ತಪಾಸಣೆ ಗುರುತು! ಹಾಕದೆ ಇರೋಕೆ ಆಗಲಿಲ್ಲ ನೋಡಿ ಇಹಾರಾ-ಸಾನ್‌ಗೆ! ತಾರೀಖು ಬೇರೆ!"

ನಾನೂ ನಕ್ಕೆ. ನಮ್ಮವರಿಗಲ್ಲದೆ ಇನ್ನಾರಿಗೆ ಬರುತ್ತದೆ ಇಂಥ ಬುದ್ಧಿ. ನಿಯಮ ಮುರಿಯುವಾಗಲೂ ನಿಯಮದ ಪ್ರಕಾರವೇ ಮುರಿಯಬೇಕು.

"ಆದ್ರೆ ಅವರಿಗೆ ಹೇಗೆ ಗೊತ್ತಾಯ್ತು? ಚೂರಿಗೆ ಚೂರು ಕೂತಿತ್ತು ಅಂದ್ರಿ."

ಅವರು ನಗು ನಿಲ್ಲಿಸಿದರು. ತಮ್ಮ ಬೆರಳನ್ನೇ ನೋಡಿಕೊಂಡರು.

"ಹೊಸ ಸೂಜಿ," ಎಂದರು ಮೆಲ್ಲಗೆ. "ಹೊಳೀತಿತ್ತು. ಬೆಳಿಗ್ಗೆಯಿಂದ ರೆಕ್ಸಿನ್ ಹೊಲಿದ ಸೂಜಿ ಕಂದು ಬಣ್ಣಕ್ಕೆ ತಿರುಗಿರುತ್ತೆ, ಎಣ್ಣೆ ಹಿಡಿದಿರುತ್ತೆ. ನಾನು ಕೊಟ್ಟಿದ್ದು ಪೊಟ್ಟಣದಿಂದ ಆಗಷ್ಟೇ ತೆಗೆದಿದ್ದು. ಅಯ್ಯೋ ದಡ್ಡಿ! ಅವರು ನೋಡಿದ ತಕ್ಷಣ... ನೋಡಿದ ತಕ್ಷಣ ಗೊತ್ತಾಗಿದೆ. 'ಸರಿ, ಹೋಗಿ ಕೂತ್ಕೋ' ಅಂದ್ರಲ್ಲ!"

ಆಮೇಲೆ ಹನ್ನೆರಡು ಚೀಲಗಳನ್ನೂ ಹುಡುಕಿದರು. ಇಹಾರಾ ಹುಡುಕಿ ಇಲ್ಲವೆಂದು ಬರೆದದ್ದನ್ನೇ ಮತ್ತೆ ಹುಡುಕಿದರು. ಹತ್ತಿಯ ಪ್ರತಿ ಉಂಡೆಯನ್ನೂ ಬೆರಳ ನಡುವೆ ಹೊಸಕಿ ನನಗೆ ದಾಟಿಸಿದರು. ನಾನು ಬಿಳಿ ಕಾಗದದ ಮೇಲೆ ಬಿಡಿಸಿ ನೋಡಿದೆ. ಏನೂ ಇರಲಿಲ್ಲ. ಕೊನೆಯ ಚೀಲ ಬರಿದಾದಾಗ ಅವರು ಹಿಮ್ಮಡಿಯ ಮೇಲೆ ಕೂತು, ಬರಿಗೈಯನ್ನು ತೊಡೆಯ ಮೇಲಿಟ್ಟುಕೊಂಡರು.

"ಸೋಮವಾರ ಬೆಳಿಗ್ಗೆ ಅವರ ಮೂರು ಬೆರಳಿಗೆ ಪಟ್ಟಿ ಇತ್ತು," ಎಂದರು. "'ಏನಾಯ್ತು ಇಹಾರಾ-ಸಾನ್?' ಅಂತ ನಾನೇ ಕೇಳಿದೆ. ನಾನೇ! 'ಒಣಗಿಸೋಕೆ ಕಾಕಿ ಹಣ್ಣು ಸುಲಿದೆ, ಚಾಕು ತಾಗ್ತು' ಅಂದ್ರು. ಮೂರು ಬೆರಳಿಗೂ ತಾಗುತ್ತಾ ಚಾಕು? ಹದಿನೇಳು ವರ್ಷದವಳಿಗೆ ಅಷ್ಟೂ ಹೊಳೀಬಾರದಾ?"

ಏಳೂ ಬಿಚ್ಚಿದ್ದರೆ ಎಷ್ಟು ತೂತುಗಳಾದವು ಎಂದು ನನ್ನ ಮನಸ್ಸು ತನ್ನಷ್ಟಕ್ಕೆ ಗುಣಿಸುತ್ತಿತ್ತು. ಸಾವಿರದ ಇನ್ನೂರ ಎಪ್ಪತ್ತನಾಲ್ಕು. ಹೋಗಿಬರುವುದು ಸೇರಿದರೆ ಅದರ ಎರಡರಷ್ಟು. ಸದ್ದಿಲ್ಲದ ಕಾರ್ಖಾನೆಯಲ್ಲಿ, ಖಾಲಿ ಯಂತ್ರಗಳ ಸಾಲಿನ ನಡುವೆ ಒಬ್ಬಳೇ ಹೆಂಗಸು ಚಳಿಗಾಲದ ಬೆಳಕಿಗೆ ಬೆನ್ನು ಕೊಟ್ಟು ಬಾಗಿದ್ದಾಳೆ. ಅವಳು ಉಳಿಸುತ್ತಿರುವ ಹುಡುಗಿ ಅದೇ ಹೊತ್ತಿಗೆ ಹಾಸ್ಟೆಲಿನಲ್ಲಿ ಮುಖ ಮುಚ್ಚಿ ಮಲಗಿದ್ದಾಳೆ.

"ನಾಲ್ಕನೇದರಲ್ಲಿ ಸಿಕ್ಕಿತೋ ಏನೋ," ಎಂದೆ.

"ಅಥವಾ ಏಳರಲ್ಲೂ ಸಿಗಲಿಲ್ಲವೋ. ಸಿಗದೆ ಇದ್ರೆ, ಉಚಿಯಾಮಾ-ಸಾನ್, ಅವರೂ..." ಆ ಯೋಚನೆ ಅವರ ಮುಖದ ಮೇಲೆ ಬಂದು ಕೂರುವುದನ್ನು ನಾನು ಕಂಡೆ. "ಅವರೂ ಇಷ್ಟು ವರ್ಷ ಪೇಪರ್‌ನಲ್ಲಿ ಅಪಘಾತದ ಸುದ್ದಿ ಮೊದಲು ಓದಿರಬಹುದು. ಆರೋಗ್ಯ ನೋಡಿಕೊ, ಆರೋಗ್ಯ ನೋಡಿಕೊ ಅಂತ ಇಬ್ಬರೂ ಬರ್ಕೊಂಡು ಕೂತ್ವಿ! ಎಪ್ಪತ್ತೆಂಟು ಅವರಿಗೆ ಈಗ."

ಎದ್ದುಬಿಟ್ಟರು. ಕಪಾಟಿಗೆ ಕೈ ಕೊಟ್ಟು ನಿಂತರು. ಬೆನ್ನಿನ ತುಂಡನ್ನು ಬರಹ ಮೇಲಾಗುವಂತೆ ಮಡಿಸಿ ವಸ್ತ್ರದಲ್ಲಿ ಕಟ್ಟಿದರು. ಕಟ್ಟಿದ ಮೇಲೆ ನೆನಪಾಗಿ ನನ್ನತ್ತ ತಿರುಗಿದರು.

"ಇದು ನಿಮ್ಮ ಸೀಟಿಂದು. ತಗೊಂಡು ಹೋಗ್ಲಾ?"

"ನನ್ನದು ಅಂತ ಯಾರು ಹೇಳಿದ್ರು?"

"ಅಳತೆಗೆ ಬೇಕಲ್ಲ. ನಿಮ್ಮ ಕೆಲಸ ನಿಲ್ಲುತ್ತೆ."

"ನಲವತ್ತೈದು ವರ್ಷ ಕಾದಿದೆ, ಇನ್ನೊಂದು ವಾರ ಕಾಯುತ್ತೆ. ಫೋನ್ ಮಾಡಿ ಹೋಗಬಾರದಾ?"

"ಫೋನ್ ಮಾಡಿದ್ರೆ ಹೋಗಲ್ಲ ನಾನು. ನನಗೆ ನಾನು ಗೊತ್ತು. ಮೂರೂ ಹತ್ತರ ಬಸ್ಸು ಇದೆ."

"ಏಪ್ರನ್ ಬಿಚ್ಚಿಲ್ಲ ನೀವು."

ಅವರು ತಮ್ಮನ್ನು ನೋಡಿಕೊಂಡರು. ದಾರಕ್ಕೆ ಕೈ ಹೋಗಿ, ಅಲ್ಲೇ ನಿಂತಿತು.

"ಇರಲಿ. ಅವರು ನನ್ನನ್ನ ಬೇರೆ ಹೇಗೆ ನೋಡಿದಾರೆ? ನಮ್ಮನೆಯವರು ಬಂದ್ರೆ ಅಕ್ಕಿ ತೊಳೆದಿಟ್ಟಿದೆ ಅನ್ನಿ. ಫ್ಲಾಸ್ಕಿನಲ್ಲಿ ಬಿಸಿನೀರಿದೆ, ಚಹಾ ಹಾಕ್ಕೊಳ್ಳಿ. ಆ ಯಂತ್ರ ಮುಟ್ಟಬೇಡಿ."

ಹೊಸ್ತಿಲ ಬಳಿ ಕೂತು, ಕೋಟನ್ನು ಏಪ್ರನ್ನಿನ ಮೇಲೆಯೇ ತೊಟ್ಟು, ಬೂಟಿಗೆ ಕಾಲು ತೂರಿಸಲು ಅವರಿಗೆ ಬಹಳ ಹೊತ್ತು ಹಿಡಿಯಿತು. ಗಂಟನ್ನು ಮಾತ್ರ ಎಡಗೈಯಿಂದ ಎದೆಗೆ ಒತ್ತಿಕೊಂಡೇ ಇದ್ದರು, ಕೆಳಗಿಡಲಿಲ್ಲ. ಎದ್ದು ನಿಂತು, ನನಗೆ ಬೆನ್ನಾಗಿಯೇ, "ಮೊದಲು ಏನು ಹೇಳಲಿ?" ಎಂದು ಕೇಳಿದರು.

"ಇಪ್ಪತ್ಮೂರು ಬಂದಿದೆ ಅನ್ನಿ," ಎಂದೆ.

ಅವರು ತಲೆಯಾಡಿಸಿದರೋ ಇಲ್ಲವೋ ಕಾಣಲಿಲ್ಲ. ಜಾರುಬಾಗಿಲನ್ನು ಪಕ್ಕಕ್ಕೆ ಸರಿಸಿ, ತಲೆ ತಗ್ಗಿಸಿ ಹೊರಗೆ ಕಾಲಿಟ್ಟರು. ಬಾಗಿಲು ಅರ್ಧಕ್ಕೆ ಬಂದು ಕಚ್ಚಿಕೊಂಡಿತು. ಆಚೆಯಿಂದ ಅವರು ಅದನ್ನು ಬಲಗೈಯಿಂದ ಚೂರು ಎತ್ತಿ ತಳ್ಳಿದರು. ಗಾಜು ಒಮ್ಮೆ ಅದುರಿ, ಬಾಗಿಲು ಮುಚ್ಚಿಕೊಂಡಿತು.